ವಿಜಾಪುರದ ಒಂಬತ್ತು ಸುಲ್ತಾನರು: ಪಟ್ಟದಲ್ಲಿದ್ದವರು ಮತ್ತು ಆಡಳಿತ ನಡೆಸಿದವರು



ಸೆಮಿನರಿಯಲ್ಲಿ ಧರ್ಮಸಭೆಯ ಇತಿಹಾಸ ಓದುವಾಗ ನಾವು ಫ್ರಾನ್ಸಿನ ಅರಸರ ಹೆಸರುಗಳನ್ನು ಬಾಯಿಪಾಠ ಮಾಡಿದ್ದೆವು. ದೀಕ್ಷಾಸ್ನಾನ ಪಡೆದ ಕ್ಲೋವಿಸ್, 800ರ ಕ್ರಿಸ್ಮಸ್ ದಿನ ರೋಮಿನಲ್ಲಿ ಪೋಪರಿಂದ ಕಿರೀಟಧಾರಣೆಯಾದ ಶಾರ್ಲಮೇನ್, 1297ರಲ್ಲಿ ಸಂತರೆಂದು ಘೋಷಿತರಾದ ಒಂಬತ್ತನೇ ಲೂಯಿ, 72 ವರ್ಷ ಆಳಿದ ಹದಿನಾಲ್ಕನೇ ಲೂಯಿ, ಹೀಗೆ ಇಸವಿ ಸಮೇತ ಹೇಳಬಲ್ಲವರಾಗಿದ್ದೆವು. ಆದರೆ 1510ರಲ್ಲಿ ಗೋವಾ ಯಾವ ಅರಸನ ಕೈತಪ್ಪಿ ಪೋರ್ಚುಗೀಸರ ಪಾಲಾಯಿತು ಎಂದು ಯಾರಾದರೂ ಕೇಳಿದ್ದರೆ, "ಒಬ್ಬ ಸುಲ್ತಾನ" ಎಂಬುದಕ್ಕಿಂತ ಹೆಚ್ಚು ಹೇಳಲು ನಮಗೆ ಬರುತ್ತಿರಲಿಲ್ಲ. ಕರಾವಳಿಯ ಕ್ಯಾಥೊಲಿಕ್ ಕುಟುಂಬಗಳಲ್ಲಿ ಹೆಚ್ಚಿನವರ ಹಿರಿಯರು ಗೋವಾದ ಕಡೆಯಿಂದ ಬಂದವರು. ಆ ಗೋವಾದ ಹಿಂದಿನ ಒಡೆಯರು ನಮ್ಮದೇ ರಾಜ್ಯದ ವಿಜಾಪುರದವರು.

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಎಂಬ ನಾಲ್ಕು ಊರುಗಳ ಸುತ್ತಲಿನ ಸೀಮೆ ಆ ಸುಲ್ತಾನರ ರಾಜಧಾನಿಗೆ ಮಗ್ಗುಲಲ್ಲೇ ಇದ್ದ ನಾಡು. ನಮ್ಮ ಓದುಗರಲ್ಲಿ ಶಿಕ್ಷಕರಾಗಿಯೋ ದಾದಿಯರಾಗಿಯೋ ಬ್ಯಾಂಕ್ ನೌಕರರಾಗಿಯೋ ಆ ಭಾಗದಲ್ಲಿ ಸೇವೆ ಸಲ್ಲಿಸಿದವರಿದ್ದಾರೆ. ಗೋಳಗುಮ್ಮಟ ನೋಡಿ ಬಂದವರು ಇನ್ನೂ ಹೆಚ್ಚು ಮಂದಿ. ಅವರೆಲ್ಲರ ಉಪಯೋಗಕ್ಕಾಗಿ ಆದಿಲ್ ಶಾಹಿ ಅರಸರ ಆಳ್ವಿಕೆಯ ಕಾಲಾನುಕ್ರಮ ಪರಿಚಯವನ್ನು ಇಲ್ಲಿ ನೀಡುತ್ತಿದ್ದೇವೆ. ಓದುವಾಗ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ವಿನಂತಿ. ಪಟ್ಟದ ಮೇಲೆ ಯಾರಿದ್ದರು ಎಂಬುದನ್ನು ಪಟ್ಟಿ ಹೇಳುತ್ತದೆ. ಅಧಿಕಾರ ಯಾರ ಕೈಯಲ್ಲಿತ್ತು ಎಂಬುದನ್ನು ಹೇಳುವುದಿಲ್ಲ. ಈ ರಾಜ್ಯದ ಏಳುಬೀಳುಗಳೆಲ್ಲ ಬಹುಪಾಲು ಈ ಎರಡನೆಯ ಪ್ರಶ್ನೆಯಲ್ಲೇ ಅಡಗಿವೆ.

ನಾಡಿನ ಪರಿಚಯ

ಉತ್ತರಕ್ಕೆ ಭೀಮಾ ನದಿ, ದಕ್ಷಿಣಕ್ಕೆ ಕೃಷ್ಣಾ ನದಿ, ನಡುವೆ ಡೋಣಿ. ಇಂಡಿ ಮತ್ತು ಸಿಂದಗಿ ಭೀಮೆಯ ಕಡೆಗಿದ್ದರೆ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಕೃಷ್ಣೆಯ ಕಡೆಗಿವೆ. ಕಪ್ಪು ಎರೆಭೂಮಿಯ ಈ ಸೀಮೆ ಬಿಳಿಜೋಳಕ್ಕೆ ಹೆಸರುವಾಸಿ. ಇಂದು ಇದೆಲ್ಲ ವಿಜಯಪುರ ಜಿಲ್ಲೆಯಲ್ಲಿದೆ. ಬಿಜಾಪುರ ಎಂಬ ಅಧಿಕೃತ ಹೆಸರು 2014ರಲ್ಲಿ ವಿಜಯಪುರ ಎಂದು ಬದಲಾಯಿತು. ಈಚಿನ ವರ್ಷಗಳಲ್ಲಿ ಹಳೆಯ ತಾಲೂಕುಗಳನ್ನು ವಿಭಜಿಸಿ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ ಮೊದಲಾದ ಹೊಸ ತಾಲೂಕುಗಳನ್ನು ರಚಿಸಲಾಗಿದೆ.

ಸುಲ್ತಾನರಿಗಿಂತ ಮೊದಲು ಇಲ್ಲಿ ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಕಲಚುರಿಗಳು, ದೇವಗಿರಿಯ ಸೇವುಣರು ಆಳಿದ್ದರು. ಇಂಡಿ ಸಮೀಪದ ಸಾಲೋಟಗಿಯಲ್ಲಿ ಕ್ರಿ.ಶ. 945ರ ಕಂಬದ ಶಾಸನವಿದೆ. ರಾಷ್ಟ್ರಕೂಟ ಮೂರನೇ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ವಿದ್ಯಾಶಾಲೆ ಕಟ್ಟಿಸಿದ್ದನ್ನೂ, ಬೇರೆಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ ವಸತಿ ಕಲ್ಪಿಸಿದ್ದನ್ನೂ ಅದು ತಿಳಿಸುತ್ತದೆ. 12ನೇ ಶತಮಾನದ ಬಸವಣ್ಣನವರು ಬಾಗೇವಾಡಿ ಸೀಮೆಯವರು. ಕಲಚುರಿ ಬಿಜ್ಜಳನ ಆಡಳಿತದಲ್ಲಿ ಉನ್ನತ ಹುದ್ದೆಯಲ್ಲಿದ್ದರು. ಮಡಿವಾಳ ಮಾಚಿದೇವರು ದೇವರ ಹಿಪ್ಪರಗಿಯವರು. 1347ರಲ್ಲಿ ಕಲಬುರಗಿಯಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯಕ್ಕೆ ಈ ಭಾಗ ಸೇರಿತು. ಮುಂದೆ ಬೀದರ್‌ಗೆ ರಾಜಧಾನಿ ಬದಲಿಸಿದ ಬಹಮನಿಗಳು ದುರ್ಬಲರಾದಾಗ ಅವರ ಪ್ರಾಂತಾಧಿಕಾರಿಗಳು ಒಬ್ಬೊಬ್ಬರಾಗಿ ಸ್ವತಂತ್ರರಾದರು. ಹೀಗೆ ಹುಟ್ಟಿದ ಐದು ರಾಜ್ಯಗಳೆಂದರೆ ವಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್ ಮತ್ತು ಬೇರಾರ್.

ಇಸವಿಗಳ ಬಗ್ಗೆ ಒಂದು ಸೂಚನೆ

ಪುಸ್ತಕದಿಂದ ಪುಸ್ತಕಕ್ಕೆ ಇಸವಿಗಳಲ್ಲಿ ಒಂದು ವರ್ಷದ ವ್ಯತ್ಯಾಸ ಕಂಡರೆ ಓದುಗರು ಗಾಬರಿಯಾಗಬೇಕಿಲ್ಲ. ಮೂಲ ಪಾರಸಿ ಗ್ರಂಥಗಳು ಹಿಜರಿ ವರ್ಷವನ್ನು ಅನುಸರಿಸುತ್ತವೆ. ಅದು ಸುಮಾರು 354 ದಿನಗಳ ಚಾಂದ್ರಮಾನ ವರ್ಷ. ನಮ್ಮ ವರ್ಷದ ನಡುವೆಯೇ ಆರಂಭವಾಗಬಹುದು. ಆದ್ದರಿಂದ ರಾಜ್ಯದ ಸ್ಥಾಪನೆಯನ್ನು ಕೆಲವರು 1489 ಎಂದರೆ ಕೆಲವರು 1490 ಎನ್ನುತ್ತಾರೆ. ಇನ್ನೊಂದು ಕಾರಣ ನಮಗೆ ಪರಿಚಿತವಾದದ್ದು. ಪೋಪ್ ಹದಿಮೂರನೇ ಗ್ರೆಗೊರಿಯವರು 1582ರಲ್ಲಿ ಪಂಚಾಂಗವನ್ನು ತಿದ್ದಿದಾಗ ಇಂಗ್ಲೆಂಡ್ ಅದನ್ನು ಒಪ್ಪಲಿಲ್ಲ, ಒಪ್ಪಿದ್ದು 1752ರಲ್ಲಿ. ವಿಜಾಪುರ ಮೊಗಲರಿಗೆ ಶರಣಾದ ದಿನವನ್ನು ಒಂದು ಪುಸ್ತಕ 1686ರ ಸೆಪ್ಟೆಂಬರ್ 12 ಎಂದೂ ಇನ್ನೊಂದು ಸೆಪ್ಟೆಂಬರ್ 22 ಎಂದೂ ಬರೆಯುವುದಕ್ಕೆ ಇದೇ ಕಾರಣ. ಎರಡೂ ಒಂದೇ ದಿನ.

1. ಯೂಸುಫ್ ಆದಿಲ್ ಶಾ (1490–1510)

ಬಹಮನಿ ಪ್ರಧಾನಿ ಮಹಮೂದ್ ಗವಾನನ ಆಶ್ರಯದಲ್ಲಿ ಮೇಲೆ ಬಂದವನು ಯೂಸುಫ್. 1481ರಲ್ಲಿ ಗವಾನನನ್ನು ಅವನ ಅರಸನೇ ಕೊಲ್ಲಿಸಿದ ಮೇಲೆ ಬಹಮನಿ ರಾಜ್ಯ ಕುಸಿಯತೊಡಗಿತು. ವಿಜಾಪುರದ ಅಧಿಕಾರಿಯಾಗಿದ್ದ ಯೂಸುಫ್ ಸ್ವತಂತ್ರನಾದನು. ಅವನು ತುರ್ಕಿಯ ಸುಲ್ತಾನನ ಮಗನೆಂಬ ಕಥೆ ವಿಜಾಪುರದ ಆಸ್ಥಾನದಲ್ಲಿ ಪ್ರಚಲಿತವಾಗಿತ್ತು. ಇತಿಹಾಸಕಾರರು ಅದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅವನ ಪತ್ನಿ ಬೂಬೂಜಿ ಖಾನಮ್ ಮರಾಠಾ ಮನೆತನದವಳು.

ಗೋವಾ ಅವನ ರಾಜ್ಯದ ಮುಖ್ಯ ಬಂದರು. 1510ರ ಆರಂಭದಲ್ಲಿ ಅಲ್ಬುಕರ್ಕ್ ಅದನ್ನು ಹಿಡಿದನು. ಮೇ ತಿಂಗಳಲ್ಲಿ ಯೂಸುಫನ ಸೈನ್ಯ ಮರಳಿ ಗೆದ್ದಿತು. ಅದೇ ವರ್ಷ ಯೂಸುಫ್ ತೀರಿಕೊಂಡನು. ನವೆಂಬರ್ 25ರಂದು, ಅಲೆಕ್ಸಾಂಡ್ರಿಯದ ಸಂತ ಕ್ಯಾಥರೀನಳ ಹಬ್ಬದ ದಿನ, ಗೋವಾ ಮತ್ತೆ ಪೋರ್ಚುಗೀಸರ ವಶವಾಯಿತು. ಹಳೇ ಗೋವಾದ ಪ್ರಧಾನಾಲಯ ಈ ಸಂತಳಿಗೆ ಸಮರ್ಪಿತವಾಗಿರುವುದು ಈ ಕಾರಣದಿಂದಲೇ.

2. ಇಸ್ಮಾಯಿಲ್ ಆದಿಲ್ ಶಾ (1510–1534)

ಪಟ್ಟಕ್ಕೆ ಬಂದಾಗ ಇಸ್ಮಾಯಿಲ್ ಇನ್ನೂ ಬಾಲಕ. ರಾಜಪ್ರತಿನಿಧಿಯಾದವನು ಕಮಾಲ್ ಖಾನ್. ಗೋವಾವನ್ನು ಮತ್ತೆ ಗೆಲ್ಲಲು ಹೊರಡುವ ಬದಲು ಅವನು ಪೋರ್ಚುಗೀಸರೊಂದಿಗೆ ಒಪ್ಪಂದ ಮಾಡಿಕೊಂಡನು. ಅವನ ಕಣ್ಣು ಸಿಂಹಾಸನದ ಮೇಲಿತ್ತು. ಗಡಿಯಲ್ಲಿ ಯುದ್ಧ ಬೇಡವಾಗಿತ್ತು. ವಿಧವೆ ರಾಣಿ ಬೂಬೂಜಿ ಇದನ್ನರಿತು 1511ರಲ್ಲಿ ಅವನನ್ನು ಕೊಲ್ಲಿಸಿದಳು. ಪ್ರತೀಕಾರಕ್ಕೆ ಅವನ ಕಡೆಯವರು ಅರಮನೆಗೆ ಮುತ್ತಿಗೆ ಹಾಕಿದಾಗ ಅಂತಃಪುರದ ಸ್ತ್ರೀಯರೂ ಆಯುಧ ಹಿಡಿದು ಬಾಲಕನನ್ನು ಉಳಿಸಿದರೆಂದು ಚರಿತ್ರಕಾರ ಫಿರಿಶ್ತಾ ಬರೆದಿದ್ದಾನೆ. ಗೋವಾ ಶಾಶ್ವತವಾಗಿ ಕೈತಪ್ಪಲು ಅಲ್ಬುಕರ್ಕನ ನೌಕಾಬಲ ಎಷ್ಟು ಕಾರಣವೋ, ವಿಜಾಪುರದ ಪಟ್ಟದಲ್ಲಿ ಮಗುವಿದ್ದದ್ದೂ ಅಷ್ಟೇ ಕಾರಣವೆಂದು ನಮ್ಮ ಅನಿಸಿಕೆ.

ಇಸ್ಮಾಯಿಲ್ ದೊಡ್ಡವನಾದ ಮೇಲೆ 1520ರಲ್ಲಿ ರಾಯಚೂರಿನ ಯುದ್ಧದಲ್ಲಿ ಕೃಷ್ಣದೇವರಾಯನಿಂದ ಸೋತನು. ಕೃಷ್ಣಾ–ತುಂಗಭದ್ರಾ ನದಿಗಳ ನಡುವಣ ದೋಆಬ್ ಪ್ರದೇಶಕ್ಕಾಗಿ ನಡೆದ ಈ ಹೋರಾಟದಲ್ಲಿ ಮುದ್ದೇಬಿಹಾಳ ಸೀಮೆ ಆಚೆ ದಡದ ಗಡಿನಾಡಾಗಿತ್ತು.

3. ಮಲ್ಲು ಆದಿಲ್ ಶಾ (1534)

ಇಸ್ಮಾಯಿಲನ ಹಿರಿಯ ಮಗ. ಆಳಿದ್ದು ಕೆಲವೇ ತಿಂಗಳು. ಅವನ ದುರ್ನಡತೆಯಿಂದ ಬೇಸತ್ತ ಅಜ್ಜಿ ಬೂಬೂಜಿಯೇ ಅವನನ್ನು ಇಳಿಸಲು ಒಪ್ಪಿಗೆ ಕೊಟ್ಟಳು. ಅವನ ಕಣ್ಣು ಕೀಳಿಸಲಾಯಿತು. ಕುರುಡನು ಅರಸನಾಗಬಾರದೆಂಬ ಭಾವನೆ ಇದ್ದುದರಿಂದ ಪಟ್ಟದ ಹಕ್ಕುದಾರರನ್ನು ಕುರುಡರನ್ನಾಗಿಸುವುದು ಆ ಕಾಲದ ಕ್ರೂರ ಪದ್ಧತಿಯಾಗಿತ್ತು.

4. ಒಂದನೇ ಇಬ್ರಾಹಿಂ (1534–1558)

ಹಿಂದಿನವರು ಪಾಲಿಸಿದ ಶಿಯಾ ಸಂಪ್ರದಾಯವನ್ನು ಕೈಬಿಟ್ಟು ಸುನ್ನಿ ಸಂಪ್ರದಾಯವನ್ನು ತಂದನು. ಪರ್ಷಿಯಾದಿಂದ ಬಂದ ಸರದಾರರನ್ನು ಕಡಿಮೆ ಮಾಡಿ ದಖ್ಖಣಿ ಮತ್ತು ಹಬ್ಶಿ, ಅಂದರೆ ಆಫ್ರಿಕಾ ಮೂಲದ, ಸರದಾರರಿಗೆ ಮನ್ನಣೆ ಕೊಟ್ಟನು. ಲೆಕ್ಕಪತ್ರಗಳಲ್ಲಿ ಪಾರಸಿಯ ಬದಲು ಸ್ಥಳೀಯ ಭಾಷೆ ಬಂತು. ಅದರೊಂದಿಗೆ ಸ್ಥಳೀಯ ಬ್ರಾಹ್ಮಣ ಲೆಕ್ಕಿಗರು ಆಡಳಿತದಲ್ಲಿ ಪ್ರಬಲರಾದರು.

ಅವನ ಕಾಲದಲ್ಲೂ ಪಟ್ಟದ ಜಗಳವೇ ಗೋವಾದ ಚರಿತ್ರೆಯನ್ನು ಬದಲಿಸಿತು. ರಾಜಮನೆತನದ ಒಬ್ಬ ಹಕ್ಕುದಾರನನ್ನು ಪೋರ್ಚುಗೀಸರು ತಮ್ಮ ಕೈಯಲ್ಲಿಟ್ಟುಕೊಂಡಿದ್ದರು. ಅವನನ್ನು ತನ್ನ ಮೇಲೆ ಬಿಡದಿರಲೆಂದು ಇಬ್ರಾಹಿಂ 1543ರಲ್ಲಿ ಬಾರ್ದೇಸ್ ಮತ್ತು ಸಾಷ್ಟಿ ಸೀಮೆಗಳನ್ನು ಅವರಿಗೆ ಬಿಟ್ಟುಕೊಟ್ಟನು. ಕರಾವಳಿಯ ಅನೇಕ ಕೊಂಕಣಿ ಕ್ಯಾಥೊಲಿಕ್ ಮನೆತನಗಳ ಮೂಲ ಈ ಎರಡು ಸೀಮೆಗಳಲ್ಲೇ ಇದೆ. ವಿಜಾಪುರದ ಒಬ್ಬ ಅರಸನಿಗೆ ದಾಯಾದಿಯ ಭಯ ಇಲ್ಲದಿದ್ದರೆ ನಮ್ಮ ಸಮುದಾಯದ ಇತಿಹಾಸ ಬೇರೆಯೇ ಆಗುತ್ತಿತ್ತೇನೋ.

5. ಒಂದನೇ ಅಲಿ (1558–1580)

ಅಲಿ ಮತ್ತೆ ಶಿಯಾ ಸಂಪ್ರದಾಯಕ್ಕೆ ಮರಳಿದನು. ಅಹಮದ್‌ನಗರದ ಹುಸೇನ್ ನಿಜಾಮ್ ಶಾನ ಮಗಳು ಚಾಂದ್ ಬೀಬಿಯನ್ನು ಮದುವೆಯಾದನು. ಇಂಡಿಗೆ ಉತ್ತರದಲ್ಲಿರುವ ಸೊಲ್ಲಾಪುರದ ಕೋಟೆ ಬಳುವಳಿಯಾಗಿ ಬಂತು. ವರ್ಷಾನುಗಟ್ಟಲೆ ಕಾದಾಡಿಸಿದ್ದ ಕೋಟೆ ಅದು. ಈ ಸಂಬಂಧದಿಂದ ವಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್ ಒಂದಾಗಿ ವಿಜಯನಗರದ ವಿರುದ್ಧ ಹೊರಟವು.

ಸೈನ್ಯಗಳು ಡೋಣಿ ದಡದ ತಾಳಿಕೋಟಿಯಲ್ಲಿ ಸೇರಿದವು. 1565ರ ಜನವರಿಯಲ್ಲಿ ಕೃಷ್ಣೆಯನ್ನು ದಾಟಿ ಯುದ್ಧ ನಡೆಯಿತು. ಅಳಿಯ ರಾಮರಾಯ ಹತನಾದನು. ಶಾಲಾಪುಸ್ತಕಗಳಲ್ಲಿ ಬರುವ "ರಕ್ಕಸ ತಂಗಡಿ ಯುದ್ಧ" ಎಂಬ ಹೆಸರು ಮುದ್ದೇಬಿಹಾಳ ಸೀಮೆಯ ರಕ್ಕಸಗಿ ಮತ್ತು ತಂಗಡಗಿ ಎಂಬ ಎರಡು ಹಳ್ಳಿಗಳಿಂದ ಬಂದದ್ದು. ಇದನ್ನು ಕೇವಲ ಎರಡು ಧರ್ಮಗಳ ಯುದ್ಧವೆಂದು ಹೇಳಿ ಮುಗಿಸುವುದು ಸರಿಯಲ್ಲ. ಇದಕ್ಕೆ ಕೆಲವೇ ವರ್ಷಗಳ ಹಿಂದೆ ಇದೇ ಅಲಿ ರಾಮರಾಯನೊಂದಿಗೆ ಕೂಡಿ ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದನು.

ಗೆಲುವಿನ ಸಂಪತ್ತಿನಿಂದ ವಿಜಾಪುರ ದೊಡ್ಡ ನಗರವಾಯಿತು. ಕೋಟೆಗೋಡೆ, ಗಗನ ಮಹಲ್, ಜಾಮಿ ಮಸೀದಿ ಇವನ ಕಾಲದವು. 1570–71ರಲ್ಲಿ ಅಲಿ ಗೋವಾಕ್ಕೆ ದೀರ್ಘ ಮುತ್ತಿಗೆ ಹಾಕಿ ವಿಫಲನಾದನು. ಗೋವಾದಿಂದ ಕೆನರಾ ಕರಾವಳಿಗೆ ನಡೆದ ವಲಸೆಗಳಿಗೆ ಧಾರ್ಮಿಕ ವಿಚಾರಣೆ, ಬಡತನ ಮೊದಲಾದ ಕಾರಣಗಳೊಂದಿಗೆ ಇಂಥ ಯುದ್ಧಗಳನ್ನೂ ಇತಿಹಾಸಕಾರರು ಸೇರಿಸುತ್ತಾರೆ. 1580ರಲ್ಲಿ ಅರಮನೆಯೊಳಗೇ ಅಲಿಯ ಕೊಲೆಯಾಯಿತು. ಮಕ್ಕಳಿರಲಿಲ್ಲ.

6. ಎರಡನೇ ಇಬ್ರಾಹಿಂ (1580–1627)

ಅಲಿಯ ತಮ್ಮನ ಮಗ. ಪಟ್ಟಕ್ಕೆ ಬಂದಾಗ ಸುಮಾರು ಒಂಬತ್ತು ವರ್ಷ. ಪಟ್ಟಿಯಲ್ಲಿ 47 ವರ್ಷಗಳ ಆಳ್ವಿಕೆ ಎಂದಿದ್ದರೂ ಮೊದಲ ಹತ್ತು ವರ್ಷ ಅವನದಲ್ಲ. ಹುಡುಗನ ಪಾಲನೆ ಚಾಂದ್ ಬೀಬಿಯ ಕೈಯಲ್ಲಿತ್ತು. ಅಧಿಕಾರ ಮಾತ್ರ ಕಾಮಿಲ್ ಖಾನ್, ಕಿಶ್ವರ್ ಖಾನ್, ಹಬ್ಶಿ ಸರದಾರ ಇಖ್ಲಾಸ್ ಖಾನ್, ಕೊನೆಗೆ ದಿಲಾವರ್ ಖಾನ್ ಹೀಗೆ ಕೈಯಿಂದ ಕೈಗೆ ಹೋಯಿತು. ಕಿಶ್ವರ್ ಖಾನನು ರಾಣಿಯನ್ನೇ ಸಾತಾರಾ ಕೋಟೆಯಲ್ಲಿ ಸೆರೆಯಿಟ್ಟಿದ್ದನು. ದಿಲಾವರ್ ಖಾನ್ ಎಂಟು ವರ್ಷ ಆಡಳಿತ ನಡೆಸಿದನು. 1590ರಲ್ಲಿ ಇಬ್ರಾಹಿಂ ಅವನನ್ನು ತೆಗೆದುಹಾಕಿ ತಾನೇ ಅರಸನಾದನು. ಚಾಂದ್ ಬೀಬಿ ತವರಿಗೆ ಮರಳಿ 1595–96ರಲ್ಲಿ ಅಹಮದ್‌ನಗರವನ್ನು ಮೊಗಲರಿಂದ ಕಾಪಾಡಿದಳು. 1600ರಲ್ಲಿ ತನ್ನವರಿಂದಲೇ ಹತಳಾದಳು.

ಮುಂದಿನ 37 ವರ್ಷಗಳು ವಿಜಾಪುರದ ಉತ್ತಮ ಕಾಲ. ಇಬ್ರಾಹಿಂ ಸ್ವತಃ ಸಂಗೀತಗಾರ. ದಖ್ಖಣಿ ಭಾಷೆಯಲ್ಲಿ ಅವನು ರಚಿಸಿದ "ಕಿತಾಬ್-ಎ-ನೌರಸ್" ಗೀತೆಗಳಲ್ಲಿ ಸರಸ್ವತಿಯ ಸ್ತುತಿಯೂ ಇದೆ. ಜನ ಅವನನ್ನು "ಜಗದ್ಗುರು" ಎಂದು ಕರೆದರು. ಫಿರಿಶ್ತಾ ತನ್ನ ಚರಿತ್ರೆಯನ್ನು ಬರೆದದ್ದು ಇವನ ಆಸ್ಥಾನದಲ್ಲೇ. 1619ರಲ್ಲಿ ಬೀದರ್ ರಾಜ್ಯ ವಿಜಾಪುರಕ್ಕೆ ಸೇರಿತು. ಸೂಕ್ಷ್ಮ ಕೆತ್ತನೆಯ ಇಬ್ರಾಹಿಂ ರೋಜಾ ಇವನ ಸಮಾಧಿ.

7. ಮಹಮ್ಮದ್ ಆದಿಲ್ ಶಾ (1627–1656)

ಹಿರಿಯ ಮಗ ದರ್ವೇಶನನ್ನು ಬದಿಗಿಟ್ಟು, ಕುರುಡನನ್ನಾಗಿಸಿ, ಎರಡನೆಯ ಮಗ ಮಹಮ್ಮದನಿಗೆ ಸರದಾರರು ಪಟ್ಟ ಕಟ್ಟಿದರು. ಪಟ್ಟ ಕಟ್ಟಿದವರಲ್ಲಿ ಒಬ್ಬನಾದ ಖವಾಸ್ ಖಾನ್ ಕೆಲವು ವರ್ಷ ತಾನೇ ಮೇಲುಗೈ ಪಡೆದು ಕೊನೆಗೆ ಕೊಲೆಯಾದನು. 1636ರಲ್ಲಿ ಮೊಗಲ್ ಚಕ್ರವರ್ತಿ ಷಾ ಜಹಾನನೊಂದಿಗೆ ಒಪ್ಪಂದವಾಯಿತು. ವಿಜಾಪುರ ಮೊಗಲರ ಹಿರಿತನವನ್ನು ಒಪ್ಪಿತು. ಪ್ರತಿಯಾಗಿ ಅಹಮದ್‌ನಗರ ರಾಜ್ಯದ ಒಂದು ಭಾಗವನ್ನು ಪಡೆಯಿತು. ಉತ್ತರ ಗಡಿ ಶಾಂತವಾದ್ದರಿಂದ ಸೈನ್ಯ ದಕ್ಷಿಣಕ್ಕೆ ತಿರುಗಿತು. ರಣದುಲ್ಲಾ ಖಾನನ ದಂಡು ಇಕ್ಕೇರಿಯನ್ನೂ 1638ರಲ್ಲಿ ಬೆಂಗಳೂರನ್ನೂ ಮುಟ್ಟಿತು. ಬೆಂಗಳೂರು ಶಹಾಜಿ ಭೋಂಸಲೆಗೆ ಜಹಗೀರಾಯಿತು. ರಾಜ್ಯದ ವಿಸ್ತಾರ ಅತ್ಯಂತ ಹೆಚ್ಚಾದದ್ದು ಇದೇ ಕಾಲದಲ್ಲಿ.

ಗೋಳಗುಮ್ಮಟ ಮಹಮ್ಮದನ ಸಮಾಧಿ. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ನಗರದ ನೀರಿಗಾಗಿ 1651ರಲ್ಲಿ ಬೇಗಂ ತಲಾಬ್ ಕೆರೆ ಕಟ್ಟಿಸಲಾಯಿತು. ಕೊನೆಯ ವರ್ಷಗಳಲ್ಲಿ ಅರಸ ಕಾಯಿಲೆಯಲ್ಲಿದ್ದಾಗ ರಾಣಿ ಬಡೀ ಸಾಹೇಬಾ ರಾಜಕಾರ್ಯಗಳಲ್ಲಿ ಮುಖ್ಯ ಪಾತ್ರ ವಹಿಸಿದಳು.

8. ಎರಡನೇ ಅಲಿ (1656–1672)

18ನೇ ವಯಸ್ಸಿನಲ್ಲಿ ಪಟ್ಟ. ಇವನು ಹಿಂದಿನ ಅರಸನ ನಿಜವಾದ ಮಗನಲ್ಲ ಎಂಬ ನೆಪ ಮುಂದಿಟ್ಟು ಔರಂಗಜೇಬನು 1657ರಲ್ಲಿ ಬೀದರ್ ಮತ್ತು ಕಲ್ಯಾಣಿ ಕೋಟೆಗಳನ್ನು ಕಿತ್ತುಕೊಂಡನು. 1659ರ ನವೆಂಬರ್ 10ರಂದು ಪ್ರತಾಪಗಡದಲ್ಲಿ ಸೇನಾಪತಿ ಅಫಜಲ್ ಖಾನ್ ಶಿವಾಜಿಯಿಂದ ಹತನಾದನು. 1665–66ರಲ್ಲಿ ಮೊಗಲ್ ಸೇನಾಪತಿ ಜೈಸಿಂಗ್ ವಿಜಾಪುರದ ಹತ್ತಿರಕ್ಕೇ ಬಂದನು. ಶತ್ರುವಿಗೆ ನೀರು, ಮೇವು ಸಿಗಬಾರದೆಂದು ನಗರ ರಕ್ಷಕರು ಸುತ್ತಲಿನ ಹಲವು ಮೈಲಿಗಳವರೆಗೆ ಕೆರೆಗಳನ್ನು ಬರಿದು ಮಾಡಿ, ಬಾವಿಗಳನ್ನು ಕೆಡಿಸಿ, ಮರಗಳನ್ನು ಕಡಿದು ಹಾಕಿದರು. ಜೈಸಿಂಗ್ ಹಿಂದಿರುಗಿದನು, ರಾಜಧಾನಿ ಉಳಿಯಿತು. ಆದರೆ ಹಾಳಾದ ಬಾವಿ, ಕೆರೆಗಳು ಹಳ್ಳಿಯವರದು. ಅಲಿಯ ಸಮಾಧಿಯಾಗಿ ಆರಂಭವಾದ ಬಾರಾ ಕಮಾನ್ ಅಪೂರ್ಣವಾಗಿಯೇ ಉಳಿದಿದೆ.

9. ಸಿಕಂದರ್ ಆದಿಲ್ ಶಾ (1672–1686)

ಪಟ್ಟಕ್ಕೆ ಬಂದಾಗ ನಾಲ್ಕು ವರ್ಷದ ಮಗು. ಮೊದಲು ಹಬ್ಶಿ ಪಕ್ಷದ ಖವಾಸ್ ಖಾನ್ (ಹಿಂದೆ ಹೇಳಿದವನಲ್ಲ, ಅದೇ ಬಿರುದಿನ ಇನ್ನೊಬ್ಬ) ರಾಜಪ್ರತಿನಿಧಿಯಾದನು. 1675ರಲ್ಲಿ ಅಫಘಾನ್ ಪಕ್ಷದ ಬಹಲೋಲ್ ಖಾನ್ ಅವನನ್ನು ಸೆರೆಹಿಡಿದು ಅಧಿಕಾರ ಕಸಿದನು. ಅವನು ಸತ್ತ ಮೇಲೆ ಸಿದ್ದಿ ಮಸೂದ್ ಬಂದನು. ಒಬ್ಬೊಬ್ಬರೂ ತಮ್ಮ ಪಕ್ಷದವರಿಗೆ ಜಹಗೀರು ಹಂಚಿದರು. 1674ರಲ್ಲಿ ಶಿವಾಜಿಗೆ ರಾಯಗಡದಲ್ಲಿ ಪಟ್ಟಾಭಿಷೇಕವಾಯಿತು. 1685ರ ಏಪ್ರಿಲ್‌ನಲ್ಲಿ ಮೊಗಲರು ವಿಜಾಪುರಕ್ಕೆ ಮುತ್ತಿಗೆ ಹಾಕಿದರು. ಮರುವರ್ಷ ಔರಂಗಜೇಬನೇ ಬಂದನು. 1686ರ ಸೆಪ್ಟೆಂಬರ್‌ನಲ್ಲಿ 18 ವರ್ಷದ ಸಿಕಂದರ್ ಶರಣಾದನು. ಉಳಿದ ಆಯುಷ್ಯವನ್ನು ಸೆರೆಯಲ್ಲೇ ಕಳೆದು 1700ರಲ್ಲಿ ತೀರಿಕೊಂಡನು. ಗೋಳಗುಮ್ಮಟ ಕಟ್ಟಿಸಿದವನ ವಂಶದ ಈ ಕೊನೆಯ ಅರಸನಿಗೆ ವಿಜಾಪುರದಲ್ಲಿರುವುದು ಒಂದು ಸರಳ ಗೋರಿ ಮಾತ್ರ.

ಇಬ್ಬರು ಬಾಲರಾಜರು

ಈಗ ಸೆಮಿನರಿಯ ಪಾಠಕ್ಕೆ ಮರಳೋಣ. ಸಿಕಂದರನು ಪಟ್ಟದಲ್ಲಿದ್ದಾಗ ಫ್ರಾನ್ಸಿನಲ್ಲಿ ಆಳುತ್ತಿದ್ದವನು ಹದಿನಾಲ್ಕನೇ ಲೂಯಿ. ಅವನೂ 1643ರಲ್ಲಿ ಪಟ್ಟಕ್ಕೆ ಬಂದಾಗ ನಾಲ್ಕು ವರ್ಷದ ಮಗು! ತಾಯಿ ಆನ್ ರಾಜಪ್ರತಿನಿಧಿ, ಕಾರ್ಡಿನಲ್ ಮಜಾರಿನ್ ಮುಖ್ಯಮಂತ್ರಿ. ಒಬ್ಬನ ಆಳ್ವಿಕೆ 72 ವರ್ಷ ನಡೆಯಿತು, ಇನ್ನೊಬ್ಬನದು 14 ವರ್ಷಕ್ಕೆ ಮುಗಿಯಿತು. ಈ ಇಬ್ಬರ ಕಾಲವನ್ನು ಜೋಡಿಸುವ ಒಂದು ಘಟನೆಯೂ ಇದೆ. 1673–74ರಲ್ಲಿ ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಗೆ ಪುದುಚೇರಿಯಲ್ಲಿ ನೆಲೆ ಸಿಕ್ಕಿತು. ಅದನ್ನು ಕೊಟ್ಟವನು ವಿಜಾಪುರದ ಪರವಾಗಿ ಆ ಪ್ರಾಂತವನ್ನು ನೋಡಿಕೊಳ್ಳುತ್ತಿದ್ದ ಶೇರ್ ಖಾನ್ ಲೋದಿ. ಆಗ ವಿಜಾಪುರದ ಸುಲ್ತಾನನಿಗೆ ಐದಾರು ವರ್ಷ.

ಬಾಲರಾಜರು ಫ್ರಾನ್ಸಿಗೆ ಹೊಸಬರಲ್ಲ. ಸಂತ ಲೂಯಿ 1226ರಲ್ಲಿ 12ನೇ ವಯಸ್ಸಿನಲ್ಲಿ ಅರಸರಾದರು. ತಾಯಿ ಬ್ಲಾಂಶ್ ರಾಜ್ಯ ನೋಡಿಕೊಂಡರು. ಒಂಬತ್ತನೇ ಶಾರ್ಲ್‌ಗೆ 1560ರಲ್ಲಿ 10 ವರ್ಷ, ಹದಿಮೂರನೇ ಲೂಯಿಗೆ 1610ರಲ್ಲಿ 8 ವರ್ಷ, ಹದಿನೈದನೇ ಲೂಯಿಗೆ 1715ರಲ್ಲಿ 5 ವರ್ಷ. ಅಲ್ಲಿಯೂ ಸರದಾರರ ದಂಗೆಗಳಿದ್ದವು. 1648ರಿಂದ 1653ರವರೆಗಿನ ಫ್ರೋಂಡ್ ದಂಗೆಯಲ್ಲಿ ಬಾಲಕ ಲೂಯಿ ಪ್ಯಾರಿಸ್ ಬಿಟ್ಟು ಓಡಬೇಕಾಯಿತು. ಹಾಗಿದ್ದರೂ ಒಂದು ರಾಜ್ಯ ಉಳಿದು ಇನ್ನೊಂದು ಅಳಿದದ್ದೇಕೆ?

ನಮಗೆ ತೋರುವ ಮೂರು ಕಾರಣಗಳು ಇವು. ಒಂದು, ಫ್ರಾನ್ಸಿನಲ್ಲಿ ಪಟ್ಟ ಯಾರಿಗೆ ಎಂಬುದಕ್ಕೆ ಸ್ಥಿರವಾದ ನಿಯಮವಿತ್ತು: ಗಂಡು ವಂಶದಲ್ಲಿ ಹಿರಿಯವನಿಗೆ. ವಿಜಾಪುರದಲ್ಲಿ ಅಂಥ ಗಟ್ಟಿ ನಿಯಮವಿರಲಿಲ್ಲ. ಸರದಾರರು ಒಪ್ಪಿದವನು ಅರಸ, ಒಪ್ಪದವನಿಗೆ ಕುರುಡುತನ. ಎರಡು, ವಿಜಾಪುರದ ರಾಜಪ್ರತಿನಿಧಿಗಳಲ್ಲಿ ಹೆಚ್ಚಿನವರು ಒಂದು ಪಕ್ಷದ ನಾಯಕರು. ದಖ್ಖಣಿ, ಹಬ್ಶಿ, ಪರ್ಷಿಯನ್, ಅಫಘಾನ್ ಪಕ್ಷಗಳಿಗೆ ತಮ್ಮತಮ್ಮ ಜಹಗೀರು, ತಮ್ಮತಮ್ಮ ಸೈನ್ಯ. ಆದ್ದರಿಂದ ರಾಜಪ್ರತಿನಿಧಿ ಬದಲಾದರೆ ರಾಜ್ಯದೊಳಗೇ ಯುದ್ಧ. ಮೂರು, ಇಂಥ ಗಳಿಗೆಗಾಗಿ ಕಾದಿದ್ದ ಮೊಗಲರು ಗಡಿಯಲ್ಲೇ ಇದ್ದರು. ಎರಡನೇ ಇಬ್ರಾಹಿಂನ ಬಾಲ್ಯದಲ್ಲಿ ನಾಲ್ವರು ಕಾದಾಡಿದರೂ ರಾಜ್ಯ ಉಳಿಯಿತು, ಏಕೆಂದರೆ ಮೊಗಲರು ಆಗಿನ್ನೂ ದೂರದಲ್ಲಿದ್ದರು.

ಹಾಗೆಂದು ಫ್ರಾನ್ಸಿನ ವ್ಯವಸ್ಥೆಯೇ ಶ್ರೇಷ್ಠವೆಂದು ಹೇಳಲಾಗದು. ಅರಸನ ಧರ್ಮದ ವಿಷಯದಲ್ಲಿ ಎರಡೂ ಕಡೆ ಒಂದೇ ಕಥೆ. ವಿಜಾಪುರದಲ್ಲಿ ಆಳ್ವಿಕೆಯೊಂದಿಗೆ ಶಿಯಾ, ಸುನ್ನಿ ಎಂದು ಬದಲಾಗುತ್ತಿತ್ತು. ಫ್ರಾನ್ಸಿನಲ್ಲಿ ನಾಲ್ಕನೇ ಹೆನ್ರಿ 1593ರಲ್ಲಿ ಕ್ಯಾಥೊಲಿಕನಾಗಿ, 1598ರಲ್ಲಿ ನಾಂತ್ ಶಾಸನದ ಮೂಲಕ ಪ್ರೊಟೆಸ್ಟೆಂಟರಿಗೆ ರಕ್ಷಣೆ ಕೊಟ್ಟನು. ಮೊಗಲರು ವಿಜಾಪುರವನ್ನು ಮುತ್ತಿದ 1685ರಲ್ಲೇ ಹದಿನಾಲ್ಕನೇ ಲೂಯಿ ಆ ಶಾಸನವನ್ನು ರದ್ದು ಮಾಡಿದನು. ಲಕ್ಷಾಂತರ ಜನ ದೇಶ ಬಿಟ್ಟರು. ಕ್ಯಾಥೊಲಿಕರಾದ ನಾವು ಇದನ್ನು ಮರೆಮಾಚಬೇಕಿಲ್ಲ. ಮುಂದೆ 1793ರ ಜನವರಿ 21ರಂದು ಹದಿನಾರನೇ ಲೂಯಿಯ ಶಿರಚ್ಛೇದವಾಯಿತು. ಗಟ್ಟಿ ನಿಯಮವೂ ಸಿಂಹಾಸನವನ್ನು ಎಂದೆಂದಿಗೂ ಉಳಿಸಲಿಲ್ಲ.

ಹಳ್ಳಿಗಳಲ್ಲಿ ಉಳಿದದ್ದು

ಅರಸರು ಬದಲಾದಾಗ ಇಂಡಿ, ಸಿಂದಗಿಯ ರೈತನಿಗೆ ಏನಾಗುತ್ತಿತ್ತು? ಆದಿಲ್ ಶಾಹಿಗಳು ಹಳ್ಳಿಗಳ ಕಂದಾಯವನ್ನು ಮೊಕಾಸಾ ಎಂಬ ಹೆಸರಿನಲ್ಲಿ ಸರದಾರರಿಗೆ ವಹಿಸಿಕೊಡುತ್ತಿದ್ದರು. ಅದರಿಂದ ಅವರು ಸೈನಿಕರನ್ನು ಸಾಕಬೇಕು. ಅಧಿಕಾರದಲ್ಲಿದ್ದವನು ಬಿದ್ದರೆ ಮೊಕಾಸಾ ಬೇರೆಯವನ ಪಾಲು. ಆದರೆ ಊರಿನಲ್ಲಿ ಲೆಕ್ಕ ಇಟ್ಟು ತೆರಿಗೆ ಕೂಡಿಸುತ್ತಿದ್ದ ದೇಸಾಯಿ, ದೇಶಪಾಂಡೆ, ನಾಡಗೌಡ, ಪಾಟೀಲ, ಕುಲಕರ್ಣಿಗಳು ವಂಶಪಾರಂಪರ್ಯವಾಗಿ ಮುಂದುವರಿದರು. ಈ ಪದವಿಗಳೆಲ್ಲ ಇಂದು ಆ ಭಾಗದಲ್ಲಿ ಮನೆತನದ ಹೆಸರುಗಳಾಗಿವೆ. ಮೊಕಾಶಿ, ಇನಾಮದಾರ ಎಂಬ ಅಡ್ಡಹೆಸರುಗಳೂ ಅದೇ ಕಾಲದ ಗುರುತುಗಳು.

ಮೊಗಲರ ನಂತರ 1724ರಿಂದ ಹೈದರಾಬಾದಿನ ನಿಜಾಮರು, 1760ರಿಂದ ಮರಾಠರು, 1818ರ ನಂತರ ಬ್ರಿಟಿಷರ ಪ್ರಭಾವ ಬಂತು. ಬ್ರಿಟಿಷರು 1864ರಲ್ಲಿ ಕಲಾದಗಿ ಜಿಲ್ಲೆ ರಚಿಸಿ, 1885ರಲ್ಲಿ ಅದರ ಕೇಂದ್ರವನ್ನು ಬಿಜಾಪುರಕ್ಕೆ ತಂದರು. 1956ರಲ್ಲಿ ಜಿಲ್ಲೆ ಮುಂಬಯಿ ರಾಜ್ಯದಿಂದ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು.

ಪ್ರವಾಸ ಹೋಗುವ ಧರ್ಮಕೇಂದ್ರಗಳಿಗೆ

ವಿಜಯಪುರಕ್ಕೆ ಯುವಜನರನ್ನೋ ಧರ್ಮೋಪದೇಶದ ಮಕ್ಕಳನ್ನೋ ಕರೆದೊಯ್ಯುವವರು ಗೋಳಗುಮ್ಮಟದ ಪ್ರತಿಧ್ವನಿ ಕೇಳಿ ಅಲ್ಲಿಂದಲೇ ಹಿಂದಿರುಗಬಾರದೆಂದು ನಮ್ಮ ಸಲಹೆ. ಇಬ್ರಾಹಿಂ ರೋಜಾ, ಅಪೂರ್ಣ ಬಾರಾ ಕಮಾನ್ ಮತ್ತು ಸಿಕಂದರನ ಸರಳ ಗೋರಿ, ಈ ಮೂರನ್ನೂ ಅದೇ ದಿನ ತೋರಿಸಿದರೆ ರಾಜ್ಯದ ಏಳಿಗೆ ಮತ್ತು ಅಂತ್ಯ ಮಕ್ಕಳ ಕಣ್ಣಿಗೆ ಕಟ್ಟುತ್ತದೆ. ಸಮಯವಿದ್ದರೆ ಬಸವನ ಬಾಗೇವಾಡಿ ಮತ್ತು ಸಾಲೋಟಗಿಯನ್ನೂ ನೋಡಬಹುದು. ಮೊದಲ ನಾಲ್ವರು ಸುಲ್ತಾನರ ಗೋರಿಗಳು ಮಾತ್ರ ವಿಜಯಪುರದಲ್ಲಿಲ್ಲ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿವೆ. ಮುದ್ದೇಬಿಹಾಳದಿಂದ ಕೃಷ್ಣೆ ದಾಟಿ ಹೋದರೆ ಸಿಗುವ ಮುದಗಲ್ಲಿನಲ್ಲಿ ಆದಿಲ್ ಶಾಹಿ ಕಾಲದಿಂದ ಬಂದ ಹಳೆಯ ಕ್ಯಾಥೊಲಿಕ್ ಸಮುದಾಯವಿದೆ. ಸುಲ್ತಾನರ ರಾಜ್ಯವೆಂದರೆ ನಮ್ಮವರೊಂದಿಗೆ ಕೇವಲ ಯುದ್ಧ ಮಾಡಿದ ರಾಜ್ಯ ಎಂದು ತಿಳಿದವರಿಗೆ ಅಲ್ಲಿನ ದೇವಾಲಯವೇ ಉತ್ತರ.

ಒಂಬತ್ತು ಹೆಸರುಗಳನ್ನು ಬಾಯಿಪಾಠ ಮಾಡಿಸುವುದು ಸುಲಭ. ಪ್ರತಿ ಹೆಸರಿನ ಮುಂದೆ "ಆಗ ಇವನಿಗೆ ಎಷ್ಟು ವಯಸ್ಸು? ಇವನ ಹೆಸರಿನಲ್ಲಿ ನಿರ್ಧಾರ ಮಾಡುತ್ತಿದ್ದವರು ಯಾರು? ಅದರ ಫಲ ಉಂಡವರು ಯಾರು?" ಎಂದು ಮಕ್ಕಳಿಂದ ಕೇಳಿಸಿದರೆ ಪಾಠ ಸಾರ್ಥಕವಾದೀತು. ಪಟ್ಟದಲ್ಲಿ ಒಬ್ಬ, ಅಧಿಕಾರದಲ್ಲಿ ಇನ್ನೊಬ್ಬ ಇರುವ ಪರಿಸ್ಥಿತಿ ರಾಜರ ಕಾಲಕ್ಕೇ ಮುಗಿದುಹೋದದ್ದಲ್ಲ. ಸಂಘ, ಸಮಿತಿ, ಆಡಳಿತ ಮಂಡಳಿಗಳಲ್ಲಿ ಕೆಲಸ ಮಾಡುವ ನಮ್ಮೆಲ್ಲರಿಗೂ ಅದರ ಪರಿಚಯವಿದೆ.